ಎಂಜಿನ್ನಿಗೆ ಕಿವಿಗೊಡುವ ಮೇಸ್ತ್ರಿ

ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ರಿಂಗು, ಬೇರಿಂಗು ಕೂರಿಸಿದ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗುವ ಹೊತ್ತಿಗೆ ಚಿಂತಾಮಣಿಯ ಗ್ಯಾರೇಜಿನಲ್ಲಿ ನಿಂತು ನೋಡಬೇಕು. ‘ಏನೋ ಸೌಂಡ್ ಬತ್ತೈತಲ್ಲಾ ಮೇಸ್ತ್ರಿ’ ಎಂದು ಗಾಡಿಯವರಿಗೆ ಗಾಬರಿ. ಮೇಸ್ತ್ರಿ ಮಾತಾಡುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿನ ಮೇಲೂರಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ಆಮೇಲೆ ಬ್ಲಾಕಿಗೆ, ಆಮೇಲೆ ಕೆಳಗೆ ಸಂಪಿನ ಬದಿಗೆ.

ಕ್ಯಾಮ್ ಶಾಫ್ಟ್ ಸುತ್ತುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಹಾಗಾಗಿ ಟ್ಯಾಪೆಟ್ಟಿನ ಟಿಕ್ ಟಿಕ್ ನಿಧಾನದ್ದು. ಫೀಲರ್ ಗೇಜ್ ತೂರಿಸಿ ಗ್ಯಾಪ್ ಸರಿಮಾಡಿದರೆ ಮುಗಿಯಿತು. ತಣ್ಣಗಿದ್ದಾಗ ಬಡಿದು, ಬಿಸಿಯಾದಂತೆ ಅಡಗಿದರೆ ಪಿಸ್ಟನ್ ಸಡಿಲ. ಹೆದರಬೇಕಾದದ್ದು ಆಳದಿಂದ ಬರುವ ಧಡ್ ಧಡ್‌ಗೆ. ಪೆಟ್ರೋಲ್ ಗಾಡಿಯಾದರೆ ಒಂದೊಂದೇ ಪ್ಲಗ್ಗಿನ ಕರೆಂಟ್ ತಪ್ಪಿಸುತ್ತಾರೆ. ಯಾವ ಸಿಲಿಂಡರಿನ ಸರದಿಯಲ್ಲಿ ಬಡಿತ ಮೆತ್ತಗಾಯಿತೋ, ಅದರ ಕನೆಕ್ಟಿಂಗ್ ರಾಡಿನ ಬೇರಿಂಗ್ ಮೇಲೆ ಅನುಮಾನ. ಅಲ್ಲಿರಬೇಕಾದದ್ದು ಮಿಲಿಮೀಟರಿನ 100ರಲ್ಲಿ ಕೆಲವೇ ಭಾಗದಷ್ಟು ಸಂದು, ಅದರ ತುಂಬ ಆಯಿಲ್. ಅಷ್ಟು ಸಣ್ಣದರ ಹೆಚ್ಚುಕಡಿಮೆಯನ್ನು ಕಿವಿಯಲ್ಲೇ ಹಿಡಿಯುವುದು ದೊಡ್ಡ ವಿದ್ಯೆ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ತಾನೇ ಕಟ್ಟಿದ್ದನ್ನು ಮತ್ತೆ ಬಿಚ್ಚುವ ನಿಷ್ಠೆ. ಬೆಳಗ್ಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ಹೋಗಬೇಕಾದ ಗಾಡಿಯೇ ಆಗಿರಲಿ, ಅನುಮಾನ ಬಂತೆಂದರೆ ಆಫ್ ಮಾಡಿ, ಸಂಪ್ ಇಳಿಸಿ, ಆಯಿಲಿನಲ್ಲಿ ಲೋಹದ ಪುಡಿ ಹುಡುಕುತ್ತಾರೆ.