ಪಂಜುರ್ಲಿಯ ಗುಡಿಯಿಂದ ಹಿಂತಿರುಗಿದ ತಂದೆ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಜೀತ ಹಾಗೂ ಅಸ್ಪೃಶ್ಯತೆಯ ಕಥೆಯೆಂದೇ ನಮ್ಮಲ್ಲಿ ಪಾಠವಾಗುತ್ತ ಬಂದಿದೆ. ಅದು ಸರಿಯೇ. ಆದರೆ ಕಾರಂತರು ದಶಕಗಳ ಕಾಲ ನೆಲಸಿದ್ದ ಪುತ್ತೂರಿನಲ್ಲಿಯೂ ನೆರೆಯ ಸುಳ್ಯ, ಕಡಬಗಳಲ್ಲಿಯೂ ಸಭಾಸೇವೆ ಮಾಡುವವರನ್ನು ಅದು ಇನ್ನೊಂದು ಪ್ರಶ್ನೆಯಿಂದ ಕಾಡಬೇಕು: ಮಗ ದಾಟಿದ ಹೊಸ್ತಿಲನ್ನು ತಂದೆ ಏಕೆ ದಾಟಲಿಲ್ಲ?

ಸಾಲ ತೀರಿಸಲೆಂದು ಘಟ್ಟದ ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ. ಗುರುವ ಕ್ರೈಸ್ತ ಹೆಣ್ಣು ಮೇರಿಯನ್ನು ಕೂಡಿಕೊಂಡು ಅಲ್ಲಿಯೇ ಉಳಿಯುತ್ತಾನೆ. ಕ್ರೈಸ್ತನಾದರೆ ಬೇಸಾಯಕ್ಕೆ ನೆಲ ದೊರಕೀತೆಂದು ಒಮ್ಮೆ ಚೋಮನೂ ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿಯ ಗುಡಿ ಅವನನ್ನು ತಡೆಯುತ್ತದೆ.

ಇದನ್ನು ಮೂಢಭಕ್ತಿಯೆಂದು ತಳ್ಳಿಹಾಕುವುದು ಸುಲಭ, ನಾವು ಒಪ್ಪಲಾರೆವು. ಧಣಿ ಸಂಕಪ್ಪಯ್ಯನ ಮೂಲದಾಳಾದ ಚೋಮನಿಗೆ ಹಿರಿಯರು ಹೊಲವನ್ನು ಬಿಟ್ಟುಹೋಗಿಲ್ಲ, ದೈವವನ್ನು ಬಿಟ್ಟುಹೋಗಿದ್ದಾರೆ. ಧಣಿಯ ಅಂಗಳದಲ್ಲಿ ಅವನು ಬರಿಯ ಆಳು. ದೈವದ ಕಟ್ಟಳೆಯ ಮುಂದೆ ಮಾತ್ರ ಅವನು ಒಬ್ಬ ತಂದೆಯ ಮಗನಾಗಿ ನಿಲ್ಲುತ್ತಾನೆ. ಅದನ್ನು ತೊರೆದರೆ ನೆಲ ಸಿಕ್ಕೀತು, ಆದರೆ ಆ ಮಗತನ ಉಳಿಯದು. ಗುರುವನಿಗಾದರೋ ಈ ಕಟ್ಟಳೆ ಕೈಸೇರುವ ಮೊದಲೇ ತೋಟ ಅವನನ್ನು ನುಂಗಿತು; ಅವನಿಗೆ ತೊರೆಯಲು ಹೆಚ್ಚೇನೂ ಇರಲಿಲ್ಲ.

ತಂದೆಯ ಆಚಾರ ಮಕ್ಕಳನ್ನು ಅಗಲಿಸುವುದು ಭೂತಾರಾಧನೆಯಲ್ಲಿ ಮಾತ್ರವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಡಚ್ ಲೇಖಕ ಯಾನ್ ಸೀಬೆಲಿಂಕ್ ತನ್ನ ತಂದೆಯ ಬಾಳನ್ನೇ ಆಧರಿಸಿ 2005ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ, ಸಸಿತೋಟದ ಒಡೆಯನೊಬ್ಬ ಕಠೋರ ಕ್ಯಾಲ್ವಿನ್‌ಪಂಥೀಯರ ಕೂಟಕ್ಕೆ ಒಲಿದು ಹೆಂಡತಿ ಮಕ್ಕಳಿಗೆ ಪರಕೀಯನಾಗುತ್ತಾನೆ. ಅಲ್ಲಿ ಮನೆಯನ್ನು ಒಡೆಯುವುದು ನಮ್ಮದೇ ಬೈಬಲ್ಲು, ನಮ್ಮದೇ ಪ್ರಾರ್ಥನೆ.

ಕಾರಂತರ ಮೇಲೆಯೂ ಒಂದು ದೂರಿದೆ. ಅವರ ಕೃತಿಯಲ್ಲಿ ಸಭೆಯೆಂಬುದು ಭೂಮಿಯ ಆಸೆಯಾಗಿ ಚೋಮನನ್ನು ತಲುಪುತ್ತದೆಯೇ ಹೊರತು ಸುವಾರ್ತೆಯಾಗಿ ಅಲ್ಲ. ತೋಟದ ರೈಟರ್ ಮನ್ವೇಲನಂತೂ ಬೆಳ್ಳಿಯ ಮಟ್ಟಿಗೆ ಕೇಡಾಗಿಯೇ ಬರುತ್ತಾನೆ. ಚಿತ್ರ ಏಕಪಕ್ಷೀಯವೆನ್ನಬಹುದು, ಆದರೆ ನೆಲವಿಲ್ಲದವನಿಗೆ ಮೊದಲು ಕೇಳಿಸುವುದು ನೆಲದ ಮಾತೇ ಎಂಬುದನ್ನು ಕಾರಂತರು ಬಲ್ಲರು.

ಲೂಕನು 15ನೆಯ ಅಧ್ಯಾಯದಲ್ಲಿ ಹೇಳುವ ಸಾಮ್ಯದಲ್ಲಿ ಮಗ ಹಿಂತಿರುಗುತ್ತಾನೆ, ತಂದೆ ಎದುರುಗೊಳ್ಳುತ್ತಾನೆ. ಇಲ್ಲಿ ತಂದೆಯೇ ಮಗನ ದಾರಿ ಹಿಡಿದು ಅರ್ಧದಲ್ಲಿ ಮರಳುತ್ತಾನೆ; ಎದುರುಗೊಳ್ಳಲು ಯಾರೂ ಬಂದಿರುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ದುಡಿ ಬಾರಿಸುತ್ತ ಚೋಮ ಸಾಯುವಾಗ ಗುರುವ ಘಟ್ಟದ ಮೇಲಿದ್ದಾನೆ. ಹೋಗಿ ನಿನ್ನ ತಂದೆಯನ್ನು ಕಂಡು ಬಾ ಎಂದು ಅವನಿಗೆ ಹೇಳುವ ಕ್ರೈಸ್ತನೊಬ್ಬನೂ ಆ ಕಾದಂಬರಿಯಲ್ಲಿಲ್ಲ.