ವಸಂತ ಮತ್ತೆ ಬಂತು, ಮೀನು ಬರಲಿಲ್ಲ

‘ತಲೆ ಕೆಟ್ಟಿದ್ರೆ ಇದನ್ನ ನೋಡು, ಮನಸ್ಸು ಶಾಂತವಾಗುತ್ತೆ’ ಅಂತ ಯಾರಾದರೂ ನಿಮಗೂ ಈ ಕೊರಿಯನ್ ಸಿನಿಮಾ ಶಿಫಾರಸು ಮಾಡಿರಬಹುದು. ಕಿಮ್ ಕಿ-ಡುಕ್ ನಿರ್ದೇಶನದ ‘ಸ್ಪ್ರಿಂಗ್, ಸಮ್ಮರ್, ಫಾಲ್, ವಿಂಟರ್... ಆ್ಯಂಡ್ ಸ್ಪ್ರಿಂಗ್’, 2003ರದ್ದು. ಬೆಟ್ಟಗಳ ನಡುವೆ ಕೆರೆ, ಕೆರೆಯ ಮಧ್ಯೆ ತೇಲುವ ಪುಟ್ಟ ಗುಡಿ, ಒಬ್ಬ ಮುದಿ ಬೌದ್ಧ ಸನ್ಯಾಸಿ, ಒಬ್ಬ ಹುಡುಗ. ಮಾತು ಕಮ್ಮಿ. ಯಾವ ಫ್ರೇಮ್ ನಿಲ್ಲಿಸಿದರೂ ವಾಲ್‌ಪೇಪರ್. ನಮ್ಮ ಆಫೀಸುಗಳಲ್ಲಿ ಇದಕ್ಕೆ ಧ್ಯಾನದ ಆ್ಯಪ್‌ಗಿರುವ ಸ್ಥಾನವೇ ಇದೆ. ನಾನು ನಾಲ್ಕೈದು ಸಲ ನೋಡಿದ್ದೇನೆ, ಒಂದು ಸಲವೂ ಶಾಂತಿ ಸಿಕ್ಕಿಲ್ಲ. ಇದು ದೊಡ್ಡ ಸಿನಿಮಾ ಅಂತ ನನಗನ್ನಿಸೋದು ಅದಕ್ಕೇ.

ಮೊದಲ ವಸಂತವನ್ನೇ ತಗೊಳ್ಳಿ. ಹುಡುಗ ಒಂದು ಮೀನಿಗೆ ದಾರ ಕಟ್ಟಿ ಅದರ ತುದಿಗೆ ಕಲ್ಲು ಕಟ್ಟುತ್ತಾನೆ. ಆಮೇಲೆ ಕಪ್ಪೆಗೆ, ಹಾವಿಗೆ. ಅವು ಒದ್ದಾಡೋದನ್ನ ನೋಡಿ ನಗುತ್ತಾನೆ. ದೂರದಿಂದ ಗುರು ಎಲ್ಲ ನೋಡುತ್ತಿರುತ್ತಾನೆ, ಬೈಯೋದಿಲ್ಲ. (ಗುರುವಿನ ಪಾತ್ರದಲ್ಲಿರೋದು ಓ ಯೊಂಗ್-ಸು. ಹೌದು, ಸ್ಕ್ವಿಡ್ ಗೇಮ್‌ನ ಅದೇ ಮುದುಕ.) ಬೆಳಿಗ್ಗೆ ಎದ್ದರೆ ಹುಡುಗನ ಬೆನ್ನಿಗೇ ಒಂದು ಕಲ್ಲು. ಹೋಗಿ ಆ ಮೂರನ್ನೂ ಬಿಡಿಸಿ ಬಾ, ಆಮೇಲೆ ನಿನ್ನದು ಬಿಚ್ಚುತ್ತೇನೆ ಅನ್ನುತ್ತಾನೆ ಗುರು. ಒಂದು ಸತ್ತಿದ್ದರೂ ಆ ಕಲ್ಲು ಜೀವನಪೂರ್ತಿ ನಿನ್ನ ಎದೆಯಲ್ಲೇ ಇರುತ್ತೆ ಅಂತಲೂ. ಕಪ್ಪೆ ಬದುಕಿದೆ. ಮೀನು, ಹಾವು ಸತ್ತಿವೆ. ಹುಡುಗ ಅಳುತ್ತಾನೆ.

ಋತು ಚಕ್ರದಂತೆ ತಿರುಗುತ್ತೆ, ಹೋದದ್ದೆಲ್ಲ ಮರಳಿ ಬರುತ್ತೆ ಅಂತ ಸಮಾಧಾನ ಪಡುವವರು ಈ ದೃಶ್ಯವನ್ನ ಮರೆತುಬಿಡುತ್ತಾರೆ. ವಸಂತ ಮರಳಿ ಬರುತ್ತೆ, ಸರಿ. ಆ ಮೀನು ಬರುತ್ತಾ? ಬೇಂದ್ರೆಯವರ ಯುಗಾದಿ ಹಾಡಿನಲ್ಲೂ ಇದೇ ತಕರಾರಿದೆ. ಉಳಿದ ಜೀವಗಳಿಗೆಲ್ಲ ವರ್ಷಕ್ಕೊಮ್ಮೆ ಹೊಸ ಹುಟ್ಟು, ನಮಗೆ ಮಾತ್ರ ಯಾಕೆ ಒಂದೇ ಬಾಲ್ಯ, ಒಂದೇ ಹರೆಯ ಅಂತ. ಪ್ರತಿವರ್ಷ ಸಂಭ್ರಮದಲ್ಲಿ ಹಾಡುತ್ತೀವಿ, ಅದರೊಳಗಿನ ದೂರು ಕಿವಿಗೆ ಬೀಳೋದೇ ಇಲ್ಲ.

ಬೇಸಿಗೆಯಲ್ಲಿ ಕಾಯಿಲೆ ವಾಸಿ ಮಾಡಿಕೊಳ್ಳಲು ಬಂದ ಹುಡುಗಿಯ ಹಿಂದೆ ಅವನು ಕೆರೆ ಬಿಟ್ಟು ಹೋಗುತ್ತಾನೆ. ಶರತ್ಕಾಲದಲ್ಲಿ ಅವಳನ್ನೇ ಕೊಂದು ಓಡಿಬರುತ್ತಾನೆ. ಗುರು ಬೆಕ್ಕಿನ ಬಾಲವನ್ನ ಕುಂಚ ಮಾಡಿಕೊಂಡು ಗುಡಿಯ ಹೊರಗಿನ ಮರದ ಹಾಸಿನ ಮೇಲೆ ಪ್ರಜ್ಞಾಪಾರಮಿತಾ ಹೃದಯ ಸೂತ್ರ ಬರೆದು, ಇದನ್ನ ಕೆತ್ತು ಅನ್ನುತ್ತಾನೆ. ಕೆತ್ತುವ ಚಾಕು ಯಾವುದು? ಕೊಲೆಗೆ ಬಳಸಿದ್ದೇ. ಹಿಡಿಯಲು ಬಂದ ಪೊಲೀಸರು ರಾತ್ರಿಯಿಡೀ ಕಾಯುತ್ತಾರೆ, ಅವನು ಸುಸ್ತಾಗಿ ಬಿದ್ದ ಮೇಲೆ ಅಕ್ಷರಗಳಿಗೆ ಬಣ್ಣ ತುಂಬಲು ತಾವೂ ಕೈಹಾಕುತ್ತಾರೆ. ಉಪದೇಶವಿಲ್ಲ, ಪ್ರಾಯಶ್ಚಿತ್ತ ಅನ್ನೋ ಪದವೂ ಇಲ್ಲ. ಕೈಗೆ ಕೆಲಸ, ಅಷ್ಟೇ. ಅಧ್ಯಾತ್ಮವನ್ನ ಇಷ್ಟು ಮೈಮುರಿಯುವ ದುಡಿಮೆಯಾಗಿ ತೋರಿಸಿದ ಸಿನಿಮಾ ನಾನು ಇನ್ನೊಂದು ನೋಡಿಲ್ಲ. ಚಳಿಗಾಲದಲ್ಲಿ ಶಿಕ್ಷೆ ಮುಗಿಸಿ ಬಂದವನು (ಈ ಪಾತ್ರ ಸ್ವತಃ ಕಿಮ್ ಮಾಡಿದ್ದು) ಬೀಸುವ ಕಲ್ಲೊಂದನ್ನ ಸೊಂಟಕ್ಕೆ ಕಟ್ಟಿ ಎಳೆಯುತ್ತಾ, ಕೈಯಲ್ಲಿ ವಿಗ್ರಹ ಹಿಡಿದು ಹಿಮದ ಬೆಟ್ಟ ಹತ್ತುತ್ತಾನೆ. ಹಿನ್ನೆಲೆಯಲ್ಲಿ ಜನಪದ ಹಾಡು ಅರಿರಾಂಗ್. ನಡುನಡುವೆ ಕಲ್ಲು ಕಟ್ಟಿಸಿಕೊಂಡ ಆ ಮೀನು, ಕಪ್ಪೆ, ಹಾವು.

ಇಷ್ಟು ಮೆಚ್ಚಿದ ಮೇಲೂ ಎರಡು ಜಗಳ ಉಳಿಯುತ್ತೆ. ಒಂದು, ಹೆಂಗಸರದ್ದು. ಕೊಲೆಯಾದವಳನ್ನ ಬೇಸಿಗೆಯ ನಂತರ ನಾವು ನೋಡುವುದೇ ಇಲ್ಲ. ಚಳಿಗಾಲದಲ್ಲಿ ಮಗು ಬಿಟ್ಟುಹೋಗಲು ಬಂದ ತಾಯಿಗೆ ಮುಖವೂ ಇಲ್ಲ, ಬಟ್ಟೆ ಸುತ್ತಿಕೊಂಡೇ ಬಂದು ಮಂಜುಗಡ್ಡೆಯಲ್ಲಿ ಅವನೇ ಕೊರೆದ ತೂತಿಗೆ ಬಿದ್ದು ಸಾಯುತ್ತಾಳೆ. ಗಂಡಸಿನ ಎದೆಯ ಕಲ್ಲಿಗೆ ಭಾರ ಸೇರಿಸೋಕೆ ಮಾತ್ರ ಇವರು ಬೇಕಾದರು. ಮೀನಿಗೆ ಸಿಕ್ಕಷ್ಟು ಕ್ಲೋಸಪ್ ಕೂಡ ಆ ತಾಯಿಗೆ ಸಿಕ್ಕಿಲ್ಲ.

ಇನ್ನೊಂದು, ಆ ಕೆರೆಯದ್ದು. ಅದರ ಹೆಸರು ಜುಸಾಂಜಿ, ಜುವಾಂಗ್‌ಸಾನ್ ಬೆಟ್ಟದ ಸೀಮೆಯಲ್ಲಿದೆ. ತೇಲುವ ಗುಡಿ ಸಿನಿಮಾಕ್ಕಾಗಿ ಹಾಕಿದ ಸೆಟ್, ಆಮೇಲೆ ತೆಗೆದುಬಿಟ್ಟರು. ಕೆರೆ ನಿಜ, ಆದರೆ ಅದು ತಾನಾಗಿ ಆದ ಸರೋವರ ಅಲ್ಲ. 1720ರ ಹೊತ್ತಿಗೆ ಹೊಲಗದ್ದೆಗೆ ನೀರು ಬೇಕು ಅಂತ ಕಟ್ಟೆ ಹಾಕಿ ಮಾಡಿದ್ದು. ಇಷ್ಟೆಲ್ಲ ಋತುಗಳು ಉರುಳುವ ಸಿನಿಮಾದಲ್ಲಿ ಬಿತ್ತುವ, ಕೊಯ್ಯುವ ಒಬ್ಬನೇ ಒಬ್ಬ ರೈತನಿಲ್ಲ! ಆ ಕಟ್ಟೆಗೆ ಮಣ್ಣು ಹೊತ್ತವರಿಗೆ ಋತು ಅಂದ್ರೆ ಎಲೆಯ ಬಣ್ಣ ಆಗಿರಲಿಕ್ಕಿಲ್ಲ. ನಮ್ಮ ಕಡೆ ರೋಹಿಣಿ, ಮೃಗಶಿರ, ಆರಿದ್ರೆ ಅಂತ ಮಳೆಗಳಿಗೆ ಹೆಸರಿಟ್ಟಿದ್ದೂ ಸೌಂದರ್ಯಕ್ಕಲ್ಲ, ಯಾವ ಮಳೆಗೆ ಯಾವ ಬೀಜ ಅನ್ನೋ ಲೆಕ್ಕಕ್ಕೆ. ಕೆರೆ ಕೋಡಿ ಬಿದ್ದ ದಿನ ಬಾಗಿನ ಬಿಡುವಾಗ ಹೆಂಗಸರು ಕೈಮುಗಿಯುತ್ತಾರಲ್ಲ, ಅದೂ ಋತುವಿನ ಅಧ್ಯಾತ್ಮವೇ. ಅದರಲ್ಲಿ ಭಯ ಇದೆ, ಸಾಲ ಇದೆ, ಈ ವರ್ಷ ಬಚಾವಾದೆವು ಅನ್ನೋ ನಿಟ್ಟುಸಿರಿದೆ. ಕಿಮ್ ಆ ಜನರನ್ನ ಫ್ರೇಮಿನಿಂದ ಹೊರಗಿಟ್ಟಿದ್ದಕ್ಕೇ ಅವನ ಕೆರೆ ಅಷ್ಟು ನಿಶ್ಶಬ್ದವಾಗಿರೋದು, ನಮ್ಮಂಥವರ ವಾಲ್‌ಪೇಪರ್‌ಗೆ ಅಷ್ಟು ಸಲೀಸಾಗಿ ಒದಗೋದು.

ಆದರೂ ಕೊನೆಯ ವಸಂತದಲ್ಲಿ ಕಿಮ್ ಸುಲಭದ ದಾರಿ ಹಿಡಿಯೋದಿಲ್ಲ. ಆ ತಾಯಿ ಬಿಟ್ಟುಹೋದ ಮಗು ಈಗ ಹುಡುಗ. ಬಿಸಿಲು ಎಳೆಯದು, ಮರ ಚಿಗುರಿದೆ, ಹುಡುಗ ಮುದ್ದಾಗಿದ್ದಾನೆ. ಅವನ ಕೈಗೊಂದು ಆಮೆ ಸಿಕ್ಕಿದೆ. ಕಾಡಿಸಲು ಶುರುಮಾಡಿದ್ದಾನೆ.