ಕಮಾಂಡ್ ಲೈನ್ ಕಲಿಕೆಗೆ ತಕ್ಕ ಗ್ರಂಥಗಳು: ಒಂದು ವಿಮರ್ಶೆ

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಕಚೇರಿಗಳಲ್ಲಿ ಸರ್ವರುಗಳ ನಿರ್ವಹಣೆ ಇಂದಿಗೂ ಬಹುಮಟ್ಟಿಗೆ ಕಮಾಂಡ್ ಲೈನಿನಿಂದಲೇ ಸಾಗುತ್ತದೆ. ಅಲ್ಲಿ ಉದ್ಯೋಗ ಬಯಸುವ ವಿದ್ಯಾರ್ಥಿಗೆ ಯಾವ ಗ್ರಂಥವನ್ನು ಸೂಚಿಸಬೇಕೆಂಬುದು ನಮ್ಮ ಮುಂದಿರುವ ಪ್ರಶ್ನೆ.

ಸುಮಿತಾಭ ದಾಸರ ‘ಯುನಿಕ್ಸ್: ಕಾನ್ಸೆಪ್ಟ್ಸ್ ಅಂಡ್ ಅಪ್ಲಿಕೇಷನ್ಸ್’ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸುಪರಿಚಿತ. ವಿಷಯವ್ಯಾಪ್ತಿಯೇ ಅದರ ಗುಣ; ಆದರೆ ಪರೀಕ್ಷೆಗಾಗಿ ಓದುವವನಿಗೆ ಅದು ಆಜ್ಞೆಗಳ ನಿಘಂಟಾಗಿಬಿಡುವ ಅಪಾಯವುಂಟು. ಕರ್ನಿಘನ್ ಮತ್ತು ಪೈಕ್ ಅವರ ‘ದಿ ಯುನಿಕ್ಸ್ ಪ್ರೋಗ್ರಾಮಿಂಗ್ ಎನ್ವಿರಾನ್‌ಮೆಂಟ್’ (1984) ತತ್ತ್ವವನ್ನೇ ಹಿಡಿಯುತ್ತದೆ: ಒಂದು ಆಜ್ಞೆಯ ಫಲವನ್ನು ‘ಪೈಪ್’ ಮೂಲಕ ಮತ್ತೊಂದಕ್ಕೆ ಹರಿಸಿ, ಸಣ್ಣ ಉಪಕರಣಗಳಿಂದ ದೊಡ್ಡ ಕಾರ್ಯ ಸಾಧಿಸುವುದು. ಕಡತಗಳ ಪಟ್ಟಿ ಕೊಡುವ ‘ಎಲ್‌ಎಸ್’ ಅನ್ನು ಸಾಲುಗಳನ್ನೆಣಿಸುವ ‘ಡಬ್ಲ್ಯೂಸಿ’ಗೆ ಜೋಡಿಸಿದರೆ ಕಡತಗಳ ಸಂಖ್ಯೆ ದೊರೆಯುತ್ತದೆ. ಈ ಮರ್ಮವನ್ನರಿತವನು ಮಿಕ್ಕ ಆಜ್ಞೆಗಳನ್ನು ತಾನೇ ಕಲಿಯಬಲ್ಲನು. ಆದರೆ ಉತ್ತರಾರ್ಧಕ್ಕೆ ಸಿ ಭಾಷೆಯ ಪರಿಚಯ ಬೇಕು. ವಿಲಿಯಂ ಷಾಟ್ಸರ ‘ದಿ ಲಿನಕ್ಸ್ ಕಮಾಂಡ್ ಲೈನ್’ ಹೊಸಬನನ್ನು ಮೆಟ್ಟಿಲುಮೆಟ್ಟಿಲಾಗಿ ನಡೆಸುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿಯೂ ಲಭ್ಯ.

ಮೂರೂ ಇಂಗ್ಲಿಷಿನವು. ‘ಆರ್‌ಎಂ’ ಅಳಿಸಿದ ಕಡತ ಕಸದಬುಟ್ಟಿ ಸೇರದೆ ನೇರವಾಗಿ ಇಲ್ಲವಾಗುತ್ತದೆ. ಇಂಥ ಎಚ್ಚರಿಕೆಯನ್ನು ಕನ್ನಡ ಮಾಧ್ಯಮದಿಂದ ಬಂದವನು ಅರೆಬರೆ ಗ್ರಹಿಸಿದರೆ ಕೊರತೆ ಭಾಷೆಯದು, ಬುದ್ಧಿಯದಲ್ಲ. ಆದಕಾರಣ ಷಾಟ್ಸರಿಂದ ಆರಂಭಿಸಿ, ಕರ್ನಿಘನ್-ಪೈಕರಲ್ಲಿ ಮುಂದುವರಿದು, ದಾಸರನ್ನು ಆಕರವಾಗಿ ಇರಿಸಿಕೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಕನ್ನಡದಲ್ಲಿ ವಿವರಿಸುವ ಹೊಣೆ ಅಧ್ಯಾಪಕರದು.